ಅಳತೆ ಬ್ಲೌಸು ಬಿಗಿಯಾದಾಗ: ಮೈಯನ್ನು ಬೈಯದೆ ನಿಧಾನಕ್ಕೆ ತೂಕ ಇಳಿಸೋದು

ಮದುವೆ ಸೀಸನ್ ಬಂತೆಂದರೆ ನನ್ನ ಅಂಗಡಿಗೆ ಬರುವ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಮೊದಲು ಹೇಳುವ ಮಾತು ಒಂದೇ. ‘ಅಳತೆ ಬ್ಲೌಸು ತಂದೀನಕ್ಕಾ, ಆದ್ರೆ ಇದು ಈಗ ಆಗಲ್ಲ.’ ಹೇಳುವಾಗ ದನಿ ಸಣ್ಣಗಾಗುತ್ತದೆ. ಏನೋ ಕದ್ದು ಸಿಕ್ಕಿಬಿದ್ದವರ ಹಾಗೆ.

ನಾನು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಎಷ್ಟು ಮೈ ಅಳೆದಿದ್ದೇನೋ ಲೆಕ್ಕವಿಲ್ಲ. ಎಡತೋಳು ಬಲತೋಳು ಒಂದೇ ಅಳತೆ ಇರುವವರು ಅಪರೂಪ. ಮದುವಣಗಿತ್ತಿಯರು, ಕಾಲೇಜು ಹುಡುಗಿಯರು, ತೆಳ್ಳಗಿರುವವರು, ಯಾರೇ ಬರಲಿ, ತಮ್ಮ ಮೈಯಲ್ಲಿ ಏನಾದರೊಂದು ಮುಚ್ಚಿಕೊಳ್ಳೋಕೆ ನೋಡುತ್ತಾರೆ. ‘ತೋಳು ಉದ್ದ ಇಡಿ ಅಕ್ಕಾ’, ‘ಬೆನ್ನು ಜಾಸ್ತಿ ಕಾಣೋದು ಬೇಡ’.

ನನ್ನದೂ ಬೇರೆ ಕತೆಯೇನಲ್ಲ. ಮೊದಲು ಕಾಲಿನಲ್ಲಿ ತುಳಿಯುವ ಮಷೀನಿತ್ತು. 2015ರಲ್ಲಿ ಮೋಟರ್ ಹಾಕಿಸಿದೆ. ಕೆಲಸ ಬೇಗ ಆಯಿತು, ಕಾಲು ಸುಮ್ಮನಾಯಿತು. ದಿನಕ್ಕೆ ಒಂಬತ್ತು ಗಂಟೆ ಕೂತಲ್ಲೇ. 2022ರ ಹೊತ್ತಿಗೆ ಐದಡಿ ಎರಡಿಂಚಿನ ನಾನು 76 ಕೆಜಿ. ಸೊಂಟ 38 ಇಂಚು. ಮೆಟ್ಟಿಲು ಹತ್ತಿದರೆ ಏದುಸಿರು, ಬೆಳಿಗ್ಗೆ ಎದ್ದರೆ ಹಿಮ್ಮಡಿ ನೋವು. ಅಲ್ಲಿಂದ ಹದಿನಾರು ತಿಂಗಳಲ್ಲಿ 8 ಕೆಜಿ ಇಳಿಸಿದೆ. ಪುಸ್ತಕದ ಲೆಕ್ಕದಲ್ಲಿ ನಾನಿನ್ನೂ ದಪ್ಪವೇ. ಆದರೆ ಹಿಮ್ಮಡಿ ನೋವು ಹೋಯಿತು, ಬಿ.ಪಿ. ಇಳಿಯಿತು, ಇಳಿದ ತೂಕ ವಾಪಸ್ ಬಂದಿಲ್ಲ. ಹೇಗೆ ಮಾಡಿದೆ ಅಂತ ಕೇಳುವವರಿಗೆ ಪ್ರತಿಸಲ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಡಾಕ್ಟರು, ಆಮೇಲೆ ಟೇಪು

ತೂಕ ಇಳಿಸೋಕೆ ಹೊರಡುವ ಮುಂಚೆ ಬಿ.ಪಿ., ಸಕ್ಕರೆ, ಥೈರಾಯ್ಡ್ ಒಮ್ಮೆ ನೋಡಿಸಿಕೊಳ್ಳಿ. ಮೂವತ್ತು ದಾಟಿದವರಿಗೆ ಬಿ.ಪಿ., ಸಕ್ಕರೆ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿದ್ದರೆ, ಪಿಸಿಓಡಿ (ಅಂಡಾಶಯದ ಹಾರ್ಮೋನು ಏರುಪೇರು) ಇದ್ದರೆ ತೂಕ ಏರುವುದು ಸುಲಭ, ಇಳಿಯುವುದು ಕಷ್ಟ. ಅದು ಗೊತ್ತಿಲ್ಲದೆ ‘ನನಗೆ ಬಾಯಿ ಕಟ್ಟೋಕೆ ಬರಲ್ಲ’ ಅಂತ ಹಳಿದುಕೊಳ್ಳುವ ಎಷ್ಟೋ ಜನರನ್ನು ನೋಡಿದ್ದೇನೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತಗೊಳ್ಳುವವರು ಡಾಕ್ಟರಿಗೆ ಹೇಳದೆ ಊಟ ಕಡಿಮೆ ಮಾಡಬೇಡಿ. ಸಕ್ಕರೆ ದಿಢೀರನೆ ಇಳಿದು ತಲೆಸುತ್ತಿ ಬೀಳುವ ಅಪಾಯ ಇದೆ. ಬಸುರಿಯರು ತೂಕ ಇಳಿಸುವ ಗೋಜಿಗೇ ಹೋಗಬಾರದು. ಹಾಲೂಡಿಸುವ ತಾಯಂದಿರು ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು.

ಈಗ ಟೇಪು. ಇದು ನನ್ನ ಕಸುಬು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹಳೆ ಬಟ್ಟೆ ಟೇಪು ಎಳೆದು ಎಳೆದು ಉದ್ದವಾಗಿರುತ್ತದೆ. ಮಕ್ಕಳ ಸ್ಕೂಲ್ ಬ್ಯಾಗಿನ ಸ್ಟೀಲ್ ಸ್ಕೇಲಿಗೆ ಹಿಡಿದು ನೋಡಿ, ಸರಿ ಇಲ್ಲದಿದ್ದರೆ ಹೊಸದು ತನ್ನಿ. ಬೆಳಿಗ್ಗೆ, ತಿಂಡಿಗೆ ಮುಂಚೆ ಅಳೆಯಿರಿ. ಪಕ್ಕೆಲುಬಿನ ಕೊನೆ ಎಲ್ಲಿ ಮುಗಿಯುತ್ತದೆ, ಸೊಂಟದ ಮೂಳೆ ಎಲ್ಲಿ ಶುರುವಾಗುತ್ತದೆ, ಬೆರಳಿನಿಂದ ಒತ್ತಿ ಹುಡುಕಿ. ಎರಡರ ನಡುವೆ ಟೇಪು ಸುತ್ತಿ. ಸೀರೆ ನೆರಿಗೆ ಕಟ್ಟುವ ಜಾಗ ಅಲ್ಲ, ಅದಕ್ಕಿಂತ ಮೇಲೆ. ಟೇಪು ಹಿಂದೆ ಜಾರಿರುತ್ತದೆ, ಕನ್ನಡಿಯಲ್ಲಿ ನೋಡಿಕೊಳ್ಳಿ. ಉಸಿರು ಸಹಜವಾಗಿ ಬಿಟ್ಟು ಅಳೆಯಬೇಕು. ಹೊಟ್ಟೆ ಒಳಗೆ ಎಳಕೊಂಡರೆ ಟೇಪಿಗೆ ಮೋಸ ಆಗಲ್ಲ, ನಿಮಗೇ ಆಗೋದು. ನನ್ನ ಹತ್ತಿರ ಹೊಟ್ಟೆ ಎಳಕೊಂಡು ಅಳತೆ ಕೊಟ್ಟವರ ಬ್ಲೌಸು ಪ್ರತಿಸಲ ವಾಪಸ್ ಬಂದಿದೆ.

ನಮ್ಮ ದೇಶದ ಹೆಂಗಸರಿಗೆ ಸೊಂಟ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚು ದಾಟಿದರೆ, ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಮೂವತ್ತೈದೂವರೆ ಇಂಚು ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಬರುವ ಸಾಧ್ಯತೆ ಹೆಚ್ಚು ಅಂತ ಡಾಕ್ಟರುಗಳು ಹೇಳುತ್ತಾರೆ. ಹೊಟ್ಟೆಯ ಒಳಗೆ ಅಂಗಾಂಗಗಳ ಸುತ್ತ ಕೂರುವ ಕೊಬ್ಬೇ ಕಾಟ ಕೊಡುವುದು. ತೊಡೆ, ಪೃಷ್ಠದ ಕೊಬ್ಬು ಅಷ್ಟು ತಂಟೆ ಮಾಡಲ್ಲ. ವಿಚಿತ್ರ ಅಂದರೆ, ನನ್ನ ಗಿರಾಕಿಗಳು ತಲೆ ಕೆಡಿಸಿಕೊಳ್ಳುವುದು ತೋಳಿನ ಬಗ್ಗೆ!

ಸೊಂಟ, ಎದೆ, ತೋಳು, ಮೂರು ಅಳತೆ ಒಂದು ಹಳೆ ಡೈರಿಯಲ್ಲಿ ತಾರೀಖು ಹಾಕಿ ಬರೆದಿಡಿ. ಮತ್ತೆ ಅಳೆಯುವುದು ಒಂದು ತಿಂಗಳ ಮೇಲೆ. ತೂಕ ವಾರಕ್ಕೆ ಒಂದೇ ಸಲ, ಅದೇ ದಿನ, ಬೆಳಿಗ್ಗೆ.

ಎಷ್ಟು ಇಳಿಸಬೇಕು

‘ಮದುವೆಗೆ ಇನ್ನು ಒಂದು ತಿಂಗಳು ಇದೆ, ಹತ್ತು ಕೆಜಿ ಇಳೀಬೇಕು’ ಅನ್ನುವ ಹುಡುಗಿಗೆ ನಾನು ಹೇಳುವುದು, ‘ಬ್ಲೌಸನ್ನ ಇಳಿಸಿ ಕೊಡ್ತೀನಿ, ಮೈ ಬೇಡ.’

ಈಗಿನ ತೂಕದ ನೂರಕ್ಕೆ ಐದು ಭಾಗ ಇಳಿದರೂ ಬಿ.ಪಿ., ಸಕ್ಕರೆಯಲ್ಲಿ ಫರಕು ಕಾಣುತ್ತದೆ. 76 ಕೆಜಿಗೆ ಅದು ನಾಲ್ಕು ಕೆಜಿಗೂ ಒಂಚೂರು ಕಡಿಮೆ. ನಾನು ಇಟ್ಟುಕೊಂಡ ಗುರಿ ಅಷ್ಟೇ. ಮದುವೆಗೆ ಮುಂಚಿನ 52 ಕೆಜಿ ಗುರಿ ಇಟ್ಟುಕೊಂಡಿದ್ದರೆ ಮೂರನೇ ವಾರಕ್ಕೇ ಕೈಬಿಡುತ್ತಿದ್ದೆ. ಎರಡು ಹೆರಿಗೆ ಆದ, ನಲವತ್ತು ದಾಟಿದ ಮೈ ಇಪ್ಪತ್ತೆರಡರ ಮೈ ಯಾಕೆ ಆಗಬೇಕು, ಹೇಳಿ?

ವಾರಕ್ಕೆ ಅರ್ಧ ಕೆಜಿ ಇಳಿದರೆ ಒಳ್ಳೆಯ ವೇಗ. ಕಾಲು ಕೆಜಿ ಇಳಿದರೂ ಒಳ್ಳೆಯದೇ. ಒಂದು ಕೆಜಿ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ದಿನಕ್ಕೆ 250 ಕ್ಯಾಲೊರಿ ಕಡಿಮೆ ಮಾಡಿದರೆ ತಿಂಗಳಿಗೆ ಹತ್ತತ್ತಿರ ಒಂದು ಕೆಜಿ ಆಯಿತು. ಲೆಕ್ಕ ಕಾಗದದಲ್ಲಿ ಹೀಗೆ. ಮೈ ಇಷ್ಟು ಕರಾರುವಾಕ್ಕಾಗಿ ನಡೆಯಲ್ಲ, ಆ ವಿಷಯ ಮುಂದೆ ಹೇಳುತ್ತೇನೆ.

ನಾನೂ ಒಮ್ಮೆ ಆತುರ ಬಿದ್ದವಳೇ. ಯಾರೋ ಪರಿಚಯದವರು ಹೇಳಿದರು ಅಂತ ಊಟದ ಬದಲು ಕುಡಿಯುವ ಒಂದು ಪುಡಿ ಡಬ್ಬಿ ತಂದೆ. ಹತ್ತು ದಿನಕ್ಕೆ ಮೂರು ಕೆಜಿ ಇಳಿಯಿತು. ಬೀಗಿದೆ. ಅದರಲ್ಲಿ ಬಹುಪಾಲು ನೀರು ಅಂತ ಆಮೇಲೆ ಗೊತ್ತಾಯಿತು. ಊಟ ದಿಢೀರ್ ಕಡಿಮೆಯಾದರೆ ಮೈ ತಾನು ಕೂಡಿಟ್ಟ ಪಿಷ್ಟವನ್ನು ಮೊದಲು ಖರ್ಚು ಮಾಡುತ್ತದೆ. ಆ ಪಿಷ್ಟದ ಒಂದೊಂದು ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದಿರುತ್ತದೆ, ಅದೂ ಹೊರಟುಹೋಗುತ್ತದೆ. ಪುಡಿ ಬಿಟ್ಟು ಮುದ್ದೆ ಅನ್ನ ಉಂಡ ಮೇಲೆ ನಾಲ್ಕು ಕೆಜಿ ವಾಪಸ್. ಎರಡು ಮೂರು ತಿಂಗಳಿಗೆ ಬಾಚಣಿಗೆ ತುಂಬ ಕೂದಲು. ಬಹಳ ಬೇಗ ತೂಕ ಇಳಿಸಿದರೆ ಕೂದಲು ಉದುರುವುದು, ಪಿತ್ತಕೋಶದಲ್ಲಿ ಕಲ್ಲಾಗುವುದು ಉಂಟು. ಡಬ್ಬಿ ಮೇಲೆ ಅದೇನೂ ಬರೆದಿರಲಿಲ್ಲ.

ಒಂದು ವಾರ ಸುಮ್ನೆ ಬರೆಯಿರಿ

ಮೊದಲ ವಾರ ಏನೂ ಬದಲಾಯಿಸಬೇಡಿ. ಬಾಯಿಗೆ ಹೋಗಿದ್ದನ್ನೆಲ್ಲ ಬರೆಯಿರಿ. ಮಗನ ತಟ್ಟೆಯಲ್ಲಿ ಉಳಿದ ಚಿತ್ರಾನ್ನ ‘ಹಾಳಾಗುತ್ತೆ’ ಅಂತ ತಿಂದಿದ್ದನ್ನೂ ಬರೆಯಬೇಕು. ಅದನ್ನೇ ಎಲ್ಲರೂ ಮರೆಯೋದು.

ನನ್ನ ಡೈರಿ ನೋಡಿ ನನಗೇ ನಗು ಬಂತು. ಊಟ ಅಂಥ ಜಾಸ್ತಿ ಏನಿರಲಿಲ್ಲ. ಟೀ ಆರು ಸಲ! ಬೆಳಿಗ್ಗೆ ಒಂದು, ತಿಂಡಿ ಜೊತೆ ಒಂದು, ಬಟ್ಟೆ ಕೊಡೋಕೆ ಬಂದ ಗಿರಾಕಿ ಜೊತೆ ಒಂದು, ಒಯ್ಯೋಕೆ ಬಂದವರ ಜೊತೆ ಇನ್ನೊಂದು. ಲೋಟಕ್ಕೆ ಎರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಅಂದರೂ ದಿನಕ್ಕೆ 60 ಗ್ರಾಂ, 240 ಕ್ಯಾಲೊರಿ. ಮೇಲೆ ಹೇಳಿದ 250 ಇಲ್ಲೇ ಕೂತಿತ್ತು.

ಟೀ ಬಿಡಲಿಲ್ಲ. ಮೊದಲ ಎರಡು ವಾರ ಒಂದೂವರೆ ಚಮಚ, ಆಮೇಲೆ ಒಂದು, ಆಮೇಲೆ ಅರ್ಧ. ನಾಲಗೆಗೆ ಗೊತ್ತಾಗದಂತೆ ಇಳಿಸಬೇಕು. ಆರು ಸಲದ್ದು ಮೂರಾಯಿತು. ಈಗ ಯಾರ ಮನೆಯಲ್ಲಾದರೂ ಎರಡು ಚಮಚದ ಟೀ ಕೊಟ್ಟರೆ ಪಾಯಸ ಕುಡಿದ ಹಾಗಾಗುತ್ತದೆ. ಬೆಲ್ಲ ಹಾಕಿದರೆ ಪರವಾಗಿಲ್ಲ ಅಂತ ಅಂದುಕೊಳ್ಳಬೇಡಿ, ಕ್ಯಾಲೊರಿ ಲೆಕ್ಕದಲ್ಲಿ ಬೆಲ್ಲ ಸಕ್ಕರೆಯ ಅಣ್ಣತಮ್ಮನೇ.

ತಟ್ಟೆ ಒಳಗೆ

ನಮ್ಮ ಕಡೆ ಊಟ ಮೂಲತಃ ಒಳ್ಳೆಯದು. ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಮಡಿಕೆ ಕಾಳು, ಅಲಸಂದೆ, ಮಜ್ಜಿಗೆ. ಚಿತ್ರದುರ್ಗದ ಕಡೆ ಹೋದರೆ ರಾಗಿ ಮುದ್ದೆ, ಸೊಪ್ಪಿನ ಸಾರು. ಇದನ್ನು ಬಿಟ್ಟು ಬೆಲೆ ಜಾಸ್ತಿ ಇರುವ ಓಟ್ಸ್ ಡಬ್ಬಿ ತರಬೇಕಾಗಿಲ್ಲ. ಕೆಟ್ಟಿರುವುದು ಅಳತೆ. ರೊಟ್ಟಿ ನಾಲ್ಕು, ಪಲ್ಯ ಎರಡು ಚಮಚ, ಮೇಲೆ ಅನ್ನ ಒಂದು ಗುಡ್ಡೆ.

ಅದನ್ನು ತಿರುಗಿಸಿ. ಅರ್ಧ ತಟ್ಟೆ ಸೊಪ್ಪು, ತರಕಾರಿ. ಕಾಲು ಭಾಗ ಕಾಳು ಬೇಳೆ ಅಥವಾ ಮೊಟ್ಟೆ. ಉಳಿದ ಕಾಲಲ್ಲಿ ರೊಟ್ಟಿಯೋ ಅನ್ನವೋ. ನಾನು ನಾಲ್ಕು ರೊಟ್ಟಿಯಿಂದ ಎರಡಕ್ಕೆ ಒಂದೇ ದಿನ ಇಳಿಯಲಿಲ್ಲ. ಮೂರು ಮಾಡಿ ಒಂದು ತಿಂಗಳು ಬಿಟ್ಟೆ. ಊಟಕ್ಕೆ ಕೂತಾಗ ಮೊದಲು ಸೌತೆಕಾಯಿ, ಮೆಂತ್ಯ ಸೊಪ್ಪು, ಈರುಳ್ಳಿ ಹಸಿಯಾಗಿ ತಿನ್ನೋದು ನಮ್ಮ ಅಜ್ಜಿಯ ಕಾಲದ ರೂಢಿ. ಅದು ಅರ್ಧ ಹಸಿವನ್ನು ಮೊದಲೇ ನುಂಗುತ್ತದೆ.

ಕಾಳಿಗೆ ಮಾತ್ರ ಜಿಪುಣತನ ಮಾಡಬೇಡಿ. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಪ್ರೋಟೀನ್ ಸಾಕಷ್ಟು ಇದ್ದರೆ ಹಾಗೆ ಕರಗೋದು ಕಡಿಮೆ ಆಗುತ್ತದೆ, ಹೊಟ್ಟೆಯೂ ತುಂಬಿದಂತೆ ಇರುತ್ತದೆ. ಒಂದು ಮೊಟ್ಟೆಯಲ್ಲಿ 6 ಗ್ರಾಂ, ನೂರು ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್. ಹುರುಳಿಕಾಳಿನ ಕಟ್ಟಿನ ಸಾರು ಮಾಡುವ ಊರಿನವರಿಗೆ ಪ್ರೋಟೀನ್ ಪುಡಿ ಯಾಕೆ?

ಸಿರಿಧಾನ್ಯದ ಬಗ್ಗೆ ಒಂದು ಮಾತು. ನವಣೆ ಅನ್ನ ತಿಂದರೆ ತನ್ನಷ್ಟಕ್ಕೆ ಸಣ್ಣ ಆಗ್ತಾರೆ ಅನ್ನೋದು ಸುಳ್ಳು. ಕ್ಯಾಲೊರಿ ಅಕ್ಕಿಯ ಹತ್ತಿರ ಹತ್ತಿರವೇ. ನಾರು ಜಾಸ್ತಿ, ಹಾಗಾಗಿ ಸ್ವಲ್ಪದಲ್ಲೇ ಹೊಟ್ಟೆ ತುಂಬುತ್ತದೆ. ಎರಡು ತಟ್ಟೆ ಹೊಡೆದರೆ ನವಣೆಯೂ ಅಕ್ಕಿಯೇ.

ಎಣ್ಣೆಯನ್ನು ಚಮಚದಲ್ಲಿ ಅಳೆಯೋಕೆ ಹೋಗಬೇಡಿ, ಎರಡು ದಿನಕ್ಕೆ ಬೇಜಾರಾಗುತ್ತದೆ. ತಿಂಗಳಿನ ಲೆಕ್ಕ ಇಡಿ. ನಾಲ್ಕು ಜನರ ನಮ್ಮ ಮನೆಗೆ ತಿಂಗಳಿಗೆ ಐದು ಲೀಟರ್ ಕ್ಯಾನು ಬರುತ್ತಿತ್ತು. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರಿನ ಆಸುಪಾಸು ಸಾಕು. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ, ಜೋಳದ ಪಿಷ್ಟಕ್ಕೆ 4. ಎಣ್ಣೆ ನಗರಿ ಅಂತ ಹೆಸರಾದ ಚಳ್ಳಕೆರೆ ಪಕ್ಕದಲ್ಲೇ ಇದೆ, ನಮ್ಮ ಕೈ ಸ್ವಲ್ಪ ಧಾರಾಳ. ಈಗ ಕ್ಯಾನು ತಂದ ದಿನ ಮೂರು ಲೀಟರ್ ಒಂದು ಡಬ್ಬಿಗೆ ಸುರಿದು, ಉಳಿದದ್ದನ್ನು ಅಟ್ಟಕ್ಕೆ ಏರಿಸುತ್ತೇನೆ. ಬದನೆಕಾಯಿ ಎಣ್ಣೆಗಾಯಿ ಹದಿನೈದು ದಿನಕ್ಕೊಮ್ಮೆ ಆಯಿತು. ಶೇಂಗಾ ಚಟ್ನಿ ಪುಡಿ ಬಿಡಲಿಲ್ಲ, ಆದರೆ ಒಂದು ಹಿಡಿ ಶೇಂಗಾ ಅಂದರೆ 170 ಕ್ಯಾಲೊರಿ ಅನ್ನೋದು ತಲೆಯಲ್ಲಿ ಇರಲಿ.

ಇನ್ನು ಬೆಣ್ಣೆ ದೋಸೆ. ದಾವಣಗೆರೆಯಲ್ಲಿದ್ದು ಬೆಣ್ಣೆ ದೋಸೆ ಬಿಡಿ ಅಂತ ಹೇಳಿದರೆ ನೀವು ಈ ಲೇಖನವನ್ನೇ ಬಿಡುತ್ತೀರಿ. ನಾನೂ ಬಿಟ್ಟಿಲ್ಲ. ಮೊದಲು ವಾರಕ್ಕೆ ಎರಡು ಸಲ, ಅದೂ ಪಾರ್ಸಲ್ ತರಿಸಿ ಮಷೀನ್ ಮುಂದೆ ಕೂತು, ರುಚಿಯೂ ಗೊತ್ತಾಗದಂತೆ. ಈಗ ತಿಂಗಳಿಗೆ ಎರಡು ಸಲ, ಹೋಟೆಲಿಗೇ ಹೋಗಿ, ಕಾವಲಿಯಿಂದ ಇಳಿದ ಬಿಸಿ ದೋಸೆ. ಬೆಣ್ಣೆ ಕರಗಿ ಅಂಚಿಗೆ ಬರುವಾಗ ಮುರಿದು, ಕಾಯಿ ಚಟ್ನಿಗೆ ಅದ್ದಿ. ಒಂದೇ. ‘ಇನ್ನೊಂದು ಹಾಕ್ಲಾ?’ ಅಂತ ಕೇಳುವ ಮುಂಚೆ ಕೈ ತೊಳೆಯೋಕೆ ಎದ್ದುಬಿಡುತ್ತೇನೆ, ಇಲ್ಲದಿದ್ದರೆ ಹೂಂ ಅಂದುಬಿಡುತ್ತೇನೆ. ಆ ದಿನ ಮಧ್ಯಾಹ್ನ ಮಜ್ಜಿಗೆ, ಸೊಪ್ಪು, ಕಾಳು. ತಿಂದದ್ದಕ್ಕೆ ಉಪವಾಸದ ದಂಡ ಮಾತ್ರ ಇಲ್ಲ.

ಸಂಜೆಯ ಒಗ್ಗರಣೆ ಮಂಡಕ್ಕಿಯಲ್ಲಿ ಮಂಡಕ್ಕಿಯದ್ದೇನೂ ತಪ್ಪಿಲ್ಲ. ಗಾಳಿ ತುಂಬಿದ ಅಕ್ಕಿ ಅದು, ಒಂದು ತಟ್ಟೆಗೆ ತೂಕವೇ ಇರಲ್ಲ. ಪಕ್ಕದಲ್ಲಿ ಕೂತ ಎರಡು ಮಿರ್ಚಿಯೇ ಕಳ್ಳರು. ಮಂಡಕ್ಕಿಗೆ ಈರುಳ್ಳಿ, ಟೊಮ್ಯಾಟೊ, ನೆನೆಸಿದ ಕಡಲೆಕಾಳು ಜಾಸ್ತಿ ಹಾಕಿ. ಮಿರ್ಚಿ ಒಂದು ತಗೊಂಡು ಇಬ್ಬರು ಹಂಚಿಕೊಳ್ಳಿ. ಜಗಳ ಬಂದರೆ ನನ್ನ ಹೆಸರು ಹೇಳಬೇಡಿ.

ಮೈ ಆಡಿಸೋದು

ವಾರಕ್ಕೆ 150 ನಿಮಿಷ ಚುರುಕು ನಡಿಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಚುರುಕು ಅಂದರೆ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು. ನಾನು ಮೊದಲ ದಿನ ನಡೆದದ್ದು ಹತ್ತು ನಿಮಿಷ, ನಮ್ಮ ಬೀದಿಯಿಂದ ಮೇನ್ ರೋಡಿಗೆ ಹೋಗಿ ವಾಪಸ್. ಹಿಮ್ಮಡಿ ಅಷ್ಟೇ ಬಿಟ್ಟಿತು. ಎರಡು ವಾರಕ್ಕೊಮ್ಮೆ ಐದು ನಿಮಿಷ ಏರಿಸಿದೆ.

ನಮ್ಮೂರ ಏಪ್ರಿಲ್ ಬಿಸಿಲು ಗೊತ್ತಲ್ಲ. ಬೆಳಿಗ್ಗೆ ಏಳರೊಳಗೆ ಮುಗಿಸಿ, ಇಲ್ಲವೇ ರಾತ್ರಿ ಊಟ ಆದಮೇಲೆ ಬೀದಿ ದೀಪ ಇರುವ ಕಡೆ. ಭಾನುವಾರ ಕುಂದವಾಡ ಕೆರೆ ಏರಿಯ ಮೇಲೆ ಹೋಗುತ್ತೇನೆ. ಗಾಳಿ ತಣ್ಣಗೆ, ನೀರಿನ ಮೇಲೆ ಹಕ್ಕಿ, ಎಲ್ಲ ತರದ ಮೈಯವರೂ ನಡೆಯುತ್ತಿರುತ್ತಾರೆ. ಒಬ್ಬರೂ ನನ್ನ ಕಡೆ ತಿರುಗಿ ನೋಡಲಿಲ್ಲ ಅನ್ನೋದೇ ಮೊದಲ ಸಲ ನನಗೆ ಸಿಕ್ಕ ದೊಡ್ಡ ಧೈರ್ಯ. ಚಿತ್ರದುರ್ಗದವರಿಗಂತೂ ಕೋಟೆಯೇ ಇದೆ. ಆದರೆ ಮಂಡಿ ನೋವಿರುವವರು ಕಲ್ಲಿನ ಮೆಟ್ಟಿಲಿಗೆ ಆಸೆ ಪಡಬೇಡಿ, ಸಮತಟ್ಟು ದಾರಿ ಸಾಕು. ಸೀರೆಗೆ ಶೂ ಚೆನ್ನಾಗಿ ಕಾಣಲ್ಲ ಅಂತ ಚಪ್ಪಲಿಯಲ್ಲಿ ನಡೆದು ಹಿಮ್ಮಡಿ ಕೆಡಿಸಿಕೊಂಡವಳು ನಾನೇ. ಶೂ ಹಾಕಿ.

ನಡಿಗೆ ಒಂದೇ ಸಾಲದು. ವಾರಕ್ಕೆ ಎರಡು ದಿನ ಮಾಂಸಖಂಡಕ್ಕೂ ಕೆಲಸ ಕೊಡಬೇಕು. ಜಿಮ್ ಬೇಡ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರೋದು. ಗೋಡೆಗೆ ಎರಡೂ ಅಂಗೈ ಊರಿ, ಎದೆ ಗೋಡೆ ಹತ್ತಿರ ತಂದು, ತಳ್ಳೋದು, ಹತ್ತು ಸಲ. ಒಂದು ಲೀಟರ್ ನೀರಿನ ಬಾಟಲಿ ಹಿಡಿದು ತೋಳು ಮಡಚಿ ಬಿಚ್ಚೋದು. ಮತ್ತೆ ಕೂತು ಕೆಲಸ ಮಾಡುವವರಿಗೆ ನನ್ನ ಉಪಾಯ: ಬಾಬಿನ್ ದಾರ ಮುಗಿದಾಗಲೆಲ್ಲ ಎದ್ದು ನೀರು ಕುಡಿದು ಬರೋದು. ನಿಮಗೆ ಬಾಬಿನ್ ಇಲ್ಲದಿದ್ದರೆ ಫೋನು ಬಂದಾಗಲೆಲ್ಲ ಎದ್ದು ಮಾತಾಡಿ.

ನಿದ್ದೆ ಏಳು ಗಂಟೆ. ನಿದ್ದೆಗೆಟ್ಟ ಮರುದಿನ ಕೈ ಸಿಹಿ ಡಬ್ಬಿ ಕಡೆಗೇ ಹೋಗೋದನ್ನು ಗಮನಿಸಿ ನೋಡಿ.

ತಕ್ಕಡಿ ಅಲ್ಲಾಡದ ತಿಂಗಳು

ನನ್ನ ಮೊದಲ ನಾಲ್ಕು ಕೆಜಿ ಐದು ತಿಂಗಳಲ್ಲಿ ಇಳಿಯಿತು. ಮಿಕ್ಕ ನಾಲ್ಕಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ನಡುವೆ ಏಳು ವಾರ ಕಾಲು ಕೆಜಿಯೂ ಅತ್ತಿತ್ತ ಆಗಲಿಲ್ಲ. ಮೈ ಸಣ್ಣದಾದಷ್ಟೂ ಅದಕ್ಕೆ ಬೇಕಾದ ಆಹಾರವೂ ಕಡಿಮೆ ಆಗುತ್ತದೆ, ಮೊದಲು ಇಳಿಸುತ್ತಿದ್ದ ಊಟವೇ ಈಗ ಸಮ ಆಗುತ್ತದೆ. ಇದನ್ನೇ ತಿಳಿಯದೆ ಜನ ಕೈಚೆಲ್ಲುವುದು. ಆ ಏಳು ವಾರದಲ್ಲಿ ಟೇಪು ಮುಕ್ಕಾಲು ಇಂಚು ಕಡಿಮೆ ತೋರಿಸಿತ್ತು.

ಒಂದೇ ದಿನದಲ್ಲಿ ಒಂದೂವರೆ ಕೆಜಿ ಏರಿದರೆ ಗಾಬರಿ ಬೇಡ. ಮದುವೆ ಮನೆಯ ಉಪ್ಪು, ಹಪ್ಪಳ, ಉಪ್ಪಿನಕಾಯಿ ನೀರು ಹಿಡಿಯುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲೂ ಹಾಗೇ. ದುಗ್ಗಮ್ಮನ ಹಬ್ಬ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಮನೆ ತುಂಬ ನೆಂಟರು, ಮಟನ್ ಊಟ. ಆ ನಾಲ್ಕು ದಿನ ನಾನು ಡೈರಿ ತೆಗೆಯಲೇ ಇಲ್ಲ, ತಕ್ಕಡಿಯನ್ನು ಮಂಚದ ಕೆಳಗೆ ತಳ್ಳಿದೆ. ಮುಂದಿನ ವಾರ ಮಾಮೂಲಿ ಊಟಕ್ಕೆ ಬಂದೆ, ತೂಕವೂ ಮಾಮೂಲಿಗೆ ಬಂತು.

ಬಾಯಿ ಇರುವ ನೆಂಟರು

ನಾನು 76 ಇದ್ದಾಗ ನಮ್ಮ ಕಡೆಯ ಒಬ್ಬ ಹಿರಿಯರು ಕಂಡಾಗಲೆಲ್ಲ, ‘ಏನವ್ವಾ, ಭಾಳ ದಪ್ಪ ಆಗೀಯಲ್ಲ’ ಅನ್ನುತ್ತಿದ್ದರು. 68ಕ್ಕೆ ಬಂದಾಗ ಅವರೇ, ‘ಯಾಕವ್ವಾ ಸೊರಗೀಯಲ್ಲ, ಮೈಗೆ ಆರಾಮಿಲ್ಲೇನು?’ ಅಂದರು. ಅವತ್ತು ನನಗೆ ನಿಜಕ್ಕೂ ಹಗುರಾಯಿತು. ಅವರನ್ನು ಮೆಚ್ಚಿಸುವ ತೂಕ ಅಂತ ಯಾವುದೂ ಇಲ್ಲ! ಈಗ ಯಾರಾದರೂ ಮೈ ಬಗ್ಗೆ ಮಾತು ತೆಗೆದರೆ, ‘ಹೌದ್ರಿ, ಅಳತೆ ನನ್ನ ಹತ್ರನೇ ಐತಿ. ನಿಮ್ದೂ ತಗೊಳ್ಲಾ?’ ಅನ್ನುತ್ತೇನೆ. ನಗುತ್ತಾ ಅನ್ನಬೇಕು. ಮಾತು ಬೇರೆ ಕಡೆ ಹೋಗುತ್ತದೆ.

ಹೊರಗಿನವರದ್ದು ಬಿಡಿ, ಕನ್ನಡಿ ಮುಂದೆ ನಾವೇ ಆಡಿಕೊಳ್ಳುವ ಮಾತು ಇನ್ನೂ ಕೆಟ್ಟದು. ಅದನ್ನು ಮಗಳ ಮುಂದೆ ಆಡಬೇಡಿ. ನನ್ನ ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಕನ್ನಡಿ ಮುಂದೆ ತೋಳು ಚಿವುಟಿಕೊಂಡು, ‘ಅಮ್ಮಾ, ಇದು ಅಸಹ್ಯ ಅಲ್ವಾ’ ಅಂದಳು. ಅದು ನನ್ನದೇ ಮಾತು, ನನ್ನದೇ ದನಿ. ಅವತ್ತಿನಿಂದ ಮನೆಯಲ್ಲಿ ಆ ಪದ ಇಲ್ಲ. ದಪ್ಪ, ಸಣ್ಣ ಅಂದರೆ ಅಳತೆ ಅಷ್ಟೇ, 34, 36 ಅಂದ ಹಾಗೆ.

ಊಟ ಬಿಟ್ಟು ಬಿಟ್ಟು, ಆಮೇಲೆ ತಡೆಯಲಾರದೆ ತಿಂದು, ತಿಂದದ್ದನ್ನು ಬೆರಳು ಹಾಕಿ ಕಕ್ಕುವ ಮಕ್ಕಳೂ ಇದ್ದಾರೆ. ಹೊತ್ತೂ ಮೂರೊತ್ತೂ ಮೈ ಬಗ್ಗೆಯೇ ಯೋಚನೆ ಆಗುತ್ತಿದ್ದರೆ ತೂಕ ಇಳಿಸುವುದನ್ನು ನಿಲ್ಲಿಸಿ ಮನಸ್ಸಿನ ಡಾಕ್ಟರನ್ನು ಕಾಣಿ. 14416 ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಬಟ್ಟೆ ವಿಷಯ

ಸಣ್ಣಗಾದ ಮೇಲೆ ಹೊಲಿಸೋಣ ಅಂತ ಕಾಯಬೇಡಿ. ಈಗಿನ ಮೈಗೆ ಸರಿಯಾಗಿ ಕೂರುವ ಎರಡು ಬ್ಲೌಸು ಇವತ್ತೇ ಹೊಲಿಸಿ. ಬಿಗಿ ಬ್ಲೌಸು ದಿನವಿಡೀ ಕಂಕುಳಲ್ಲಿ ಕುಯ್ಯುತ್ತಾ ಇದ್ದರೆ ನಡೆಯೋಕೂ ಮನಸ್ಸಾಗಲ್ಲ. ಹೊಲಿಸುವಾಗ ಎರಡು ಪಕ್ಕದಲ್ಲೂ ಒಳಗೆ ಒಂದೂವರೆ ಇಂಚು ಬಟ್ಟೆ ಬಿಡಿಸಿ, ಎರಡು ಸಾಲು ಹೊಲಿಗೆ ಹಾಕಿಸಿ. ಮೈ ಏರಿದರೆ ಮೈ ಕಡೆಯ ಸಾಲು ಬಿಚ್ಚಿದರಾಯಿತು. ಇಳಿದರೆ ಇನ್ನೊಂದು ಸಾಲು ಹಾಕಿದರಾಯಿತು, ಐದು ನಿಮಿಷದ ಕೆಲಸ. ಇಳಿಸಿಕೊಡುವಾಗ ಟೈಲರ್ ಒಳಗಿನ ಬಟ್ಟೆ ಕತ್ತರಿಸಿ ಓವರ್‌ಲಾಕ್ ಮಾಡೋಕೆ ಹೋದರೆ ಬೇಡ ಅನ್ನಿ. ಹಳೆ ಹೊಲಿಗೆಯ ತೂತು ರೇಷ್ಮೆಯ ಮೇಲೆ ಕಾಣುತ್ತದೆ, ಹತ್ತಿಯಲ್ಲಿ ಎರಡು ಸಲ ಒಗೆದರೆ ಮುಚ್ಚಿಕೊಳ್ಳುತ್ತದೆ. ಹಾಗಾಗಿ ರೇಷ್ಮೆಯದ್ದನ್ನು ಆಮೇಲೆ ತನ್ನಿ, ಮೊದಲು ದಿನಾ ಉಡುವ ಹತ್ತಿಯದ್ದು.